ಆಟದಲ್ಲಿ ಸತ್ತವನ ಗತಿಯೇನು?

ಗುಂಡು ಹಾರಿಸುವ ವಿಡಿಯೋ ಗೇಮುಗಳೆಲ್ಲವೂ ಹಿರಿಯರ ಕಣ್ಣಿಗೆ ಒಂದೇ ಬಗೆಯವಾಗಿ ತೋರುವುದು ಸಹಜ. ಆದರೆ ಹಲವರು ಕೂಡಿ ಸ್ಪರ್ಧಿಸುವ ಈ ಆಟಗಳ ಸ್ವರೂಪವು ಕಳೆದ ಮೂರು ದಶಕಗಳಲ್ಲಿ ಮತ್ತೆ ಮತ್ತೆ ಪಲ್ಲಟಗೊಂಡಿದೆ. ಆ ಪಲ್ಲಟವನ್ನು ಅರಿಯಲು ಒಂದೇ ಪ್ರಶ್ನೆ ಸಾಕೆಂದು ನಾವು ಭಾವಿಸುತ್ತೇವೆ: ಆಟದಲ್ಲಿ ಸತ್ತವನ ಗತಿಯೇನು?

ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 1993ರಲ್ಲಿ ‘ಡೂಮ್’, 1996ರಲ್ಲಿ ‘ಕ್ವೇಕ್’ ಆಟಗಳನ್ನು ಹೊರತಂದಿತು. ಅವುಗಳ ಸ್ಪರ್ಧೆಯಲ್ಲಿ ಸತ್ತವನು ಮರುಕ್ಷಣವೇ ಎದ್ದು ಬರುತ್ತಿದ್ದನು. ಅಲ್ಲಿ ಸಾವಿಗೆ ಬೆಲೆಯಿರಲಿಲ್ಲ. ಬೆರಳಿನ ಚುರುಕಿಗೇ ಮನ್ನಣೆ.

1999ರಲ್ಲಿ ‘ಹಾಫ್ ಲೈಫ್’ ಎಂಬ ಆಟವನ್ನು ಮಾರ್ಪಡಿಸಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬವರು ‘ಕೌಂಟರ್ ಸ್ಟ್ರೈಕ್’ ರಚಿಸಿದರು. ಇಲ್ಲಿ ಸತ್ತವನು ಆ ಸುತ್ತು ಮುಗಿಯುವ ತನಕ ಕಾಯಬೇಕು. ಆಟದಲ್ಲಿ ಗಳಿಸಿದ ಹಣದಿಂದಲೇ ಆಯುಧ ಕೊಳ್ಳಬೇಕು. ಈ ನಿಯಮಗಳಿಂದ ತಾಳ್ಮೆ, ಮಿತವ್ಯಯ ಹಾಗೂ ಸಂಗಡಿಗರೊಡನೆ ಸಮಾಲೋಚನೆಗಳು ಆಟಕ್ಕೆ ಅನಿವಾರ್ಯವಾದವು.

2016ರ ‘ಓವರ್‌ವಾಚ್’ನಲ್ಲಿ ಸತ್ತವನು ಬೇಗನೆ ಮರಳುತ್ತಾನಾದರೂ, ಒಬ್ಬೊಬ್ಬನಿಗೂ ಬೇರೆ ಬೇರೆ ಪಾತ್ರ. ಜೊತೆಗಾರರ ಗಾಯ ಮಾಯಿಸುವುದನ್ನೇ ಮುಖ್ಯ ಕರ್ತವ್ಯವಾಗಿ ಉಳ್ಳ ಪಾತ್ರಗಳೂ ಅಲ್ಲಿವೆ. 2017ರ ‘ಪಬ್‌ಜಿ’ಯಲ್ಲಾದರೋ ನೂರು ಮಂದಿ ಪ್ಯಾರಾಚೂಟಿನಿಂದ ಇಳಿದು, ಕಿರಿದಾಗುತ್ತ ಹೋಗುವ ವಲಯದೊಳಗೆ ಹೋರಾಡುತ್ತಾರೆ, ಕೊನೆಗೆ ಉಳಿದವನೇ ವಿಜಯಿ. ‘ಎಸ್ಕೇಪ್ ಫ್ರಮ್ ಟಾರ್ಕೊವ್’ನಂತಹ ಆಟಗಳಲ್ಲಿ ಸತ್ತವನು ತಾನು ಹೊತ್ತೊಯ್ದ ಸಾಮಗ್ರಿಯನ್ನೂ ಬಹುಪಾಲು ಕಳೆದುಕೊಳ್ಳುತ್ತಾನೆ.

ಒಂದು ಬಗೆ ಗೆದ್ದೊಡನೆ ಇತರ ಸಂಸ್ಥೆಗಳು ಅದರ ಬೆನ್ನು ಹತ್ತುವುದು ಈ ಉದ್ಯಮದ ವಾಡಿಕೆ. ತಡವಾಗಿ ಬಂದವರ ಪಾಡು ಕಠಿಣ. ಓವರ್‌ವಾಚ್‌ನ ಬಗೆಗೇ ಸೇರಿದ, ಸೋನಿ ಸಂಸ್ಥೆಯ ‘ಕಾಂಕಾರ್ಡ್’ 2024ರ ಆಗಸ್ಟ್ 23ರಂದು ಮಾರಾಟಕ್ಕೆ ಬಂದು, ಸೆಪ್ಟೆಂಬರ್ 6ರಂದು ನಿಂತೇ ಹೋಯಿತು. ಅದನ್ನು ನಿರ್ಮಿಸಿದ ಶಾಖೆಯನ್ನೂ ಅದೇ ವರ್ಷ ಮುಚ್ಚಲಾಯಿತು. ವರ್ಷಗಟ್ಟಲೆ ದುಡಿದವರ ಶ್ರಮಕ್ಕೆ ದೊರೆತ ಆಯುಷ್ಯ ಎರಡೇ ವಾರ!

ಇದರಿಂದ ಗೃಹಸ್ಥರಿಗೇನು ಎಂದು ಓದುಗ ಬಂಧುಗಳು ಕೇಳಬಹುದು. ಪಬ್‌ಜಿಯ ಮೊಬೈಲ್ ರೂಪವನ್ನು ನಮ್ಮ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರಲ್ಲಿ ಅದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ ಮರಳಿತು. ನಿಷೇಧಗಳು ಬಂದು ಹೋದರೂ, ‘ಊಟಕ್ಕೆ ಏಳು’ ಎಂಬ ತಾಯಿಯ ಕರೆಗೆ ‘ಇನ್ನೊಂದೇ ನಿಮಿಷ’ ಎಂಬ ಉತ್ತರ ಮಾತ್ರ ಮನೆಗಳಲ್ಲಿ ಉಳಿದೇ ಇದೆ. ಆ ನಿಮಿಷದ ಅಳತೆ ಆಟದ ಬಗೆಯನ್ನು ಅವಲಂಬಿಸಿದೆ. ಸತ್ತೊಡನೆ ಏಳುವ ಆಟವನ್ನು ಬಿಟ್ಟೇಳುವುದು ಸುಲಭ. ಐವರ ತಂಡದಲ್ಲಿ ಒಬ್ಬನು ನಡುವೆ ಎದ್ದರೆ ಉಳಿದ ನಾಲ್ವರಿಗೆ ನಷ್ಟ.

ಆದ್ದರಿಂದ ಮೊಬೈಲನ್ನು ಕಸಿದುಕೊಳ್ಳುವ ಮುನ್ನ ಈ ಪ್ರಶ್ನೆಯನ್ನು ಮಗುವಿಗೆ ಕೇಳಿರಿ. ಒಂದು ಪಂದ್ಯದ ಅವಧಿಯನ್ನು ತಿಳಿದುಕೊಂಡು, ದಿನಕ್ಕೆ ಇಷ್ಟೇ ಪಂದ್ಯವೆಂದು ಇಬ್ಬರೂ ಕೂಡಿ ನಿಶ್ಚಯಿಸಿರಿ. ತಿಳಿದು ಹಾಕಿದ ಮಿತಿಯನ್ನು ಮಕ್ಕಳು ಗೌರವಿಸುವರೆಂಬುದು ನಮ್ಮ ನಂಬಿಕೆ.