ಸಸ್ಯಾಹಾರದಲ್ಲಿ ಕಬ್ಬಿಣಾಂಶ: ಪಟ್ಟಿಯಿಂದ ತಟ್ಟೆಗೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಹರಿಹರದ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ‘ಆಹಾರದಲ್ಲಿ ಕಬ್ಬಿಣಾಂಶ’ ಎಂಬ ಪಾಠಕ್ಕೆ ಹಿಂದಿನ ರಾತ್ರಿ ದಾವಣಗೆರೆಯ ರೂಮಿನಲ್ಲಿ ಕುಳಿತು ಚಾರ್ಟ್ ಬರೆದೆ. ಪಾಲಕ್, ನುಗ್ಗೆಸೊಪ್ಪು, ಬೀಟ್‌ರೂಟ್, ದಾಳಿಂಬೆ, ಖರ್ಜೂರ, ಬೆಲ್ಲ ಎಲ್ಲಕ್ಕೂ ಬಣ್ಣದ ಚಿತ್ರ. ಬೆಳಿಗ್ಗೆ ಬಸ್ಸಿನ ನೂಕುನುಗ್ಗಲಲ್ಲಿ ಅದು ಮುದುಡದಂತೆ ಹಿಡಿದುಕೊಂಡು ಹೋಗಿದ್ದೇ ದೊಡ್ಡ ಸಾಹಸ.

ಪಾಠ ಯೋಜನೆಯಂತೆಯೇ ನಡೆಯಿತು. ಕೊನೆಯ ಐದು ನಿಮಿಷದಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: “ಮಿಸ್, ನಮ್ಮನೇಲಿ ದಿನಾ ಸೊಪ್ಪು ಮಾಡ್ತಾರೆ. ಆದ್ರೂ ನಂಗ್ಯಾಕೆ ರಕ್ತ ಕಮ್ಮಿ ಐತಿ?” ಹಿಂದಿನ ವಾರವಷ್ಟೇ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆದಿತ್ತು. ಅವಳ ವಯಸ್ಸಿನ ಹುಡುಗಿಯರಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12 ಗ್ರಾಂ ಇರಬೇಕು. ಅವಳಿಗೆ 10ಕ್ಕಿಂತ ಕಡಿಮೆ ಬಂದಿತ್ತು. ನಾನು “ಇನ್ನೂ ಜಾಸ್ತಿ ತಿನ್ನಬೇಕಮ್ಮ” ಎಂದೆ. ಹಿಂದೆ ಕುಳಿತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಉತ್ತರ ಪ್ರಶ್ನೆಯನ್ನು ಮುಟ್ಟಲಿಲ್ಲ.’

ಅವರ ಮಾತು ಸರಿಯಾಗಿತ್ತು. ನನ್ನ ಚಾರ್ಟಿನಲ್ಲೇ ಎರಡು ತಪ್ಪುಗಳಿದ್ದವು. ಒಂದು, ಕೆಂಪು ಬಣ್ಣವನ್ನು ನಂಬಿದ್ದು. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿ.ಗ್ರಾಂ ಕೂಡ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ನಾವು ಮೂಗು ಮುರಿಯುವ ಹುರುಳಿಕಾಳಿನಲ್ಲಿ ಸುಮಾರು 9 ಮಿ.ಗ್ರಾಂ ಇದೆ, ಎಳ್ಳಿನಲ್ಲಿ 14ರ ಆಸುಪಾಸು. ಎರಡನೆಯ ತಪ್ಪು ದೊಡ್ಡದು: ಆಹಾರದಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುತ್ತದೆ ಎಂಬಂತೆ ಪಾಠ ಮಾಡಿದ್ದೆ.

ಮಾಂಸದಲ್ಲಿರುವ ಕಬ್ಬಿಣದ ಒಂದು ಭಾಗ ‘ಹೀಮ್’ ರೂಪದ್ದು; ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಸೊಪ್ಪು, ಧಾನ್ಯಗಳಲ್ಲಿರುವುದು ಹೀಮ್ ಅಲ್ಲದ ಕಬ್ಬಿಣ. ಧಾನ್ಯ, ಕಾಳುಗಳ ಫೈಟೇಟ್ ಮತ್ತು ಚಹಾ, ಕಾಫಿಗಳ ಟ್ಯಾನಿನ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನಮ್ಮ ದೇಶದ ಊಟದಿಂದ ದೇಹಕ್ಕೆ ಸೇರುವುದು ಶೇ 8ರಷ್ಟು ಎಂದು ಇಟ್ಟುಕೊಂಡೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ದಿನದ ಅಗತ್ಯವನ್ನು ನಿಗದಿ ಮಾಡಿತು. 13ರಿಂದ 15 ವರ್ಷದ ಹುಡುಗಿಯರಿಗೆ 30 ಮಿ.ಗ್ರಾಂ, ಅದೇ ವಯಸ್ಸಿನ ಹುಡುಗರಿಗೆ 22. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮುಟ್ಟಿನಲ್ಲಿ ಹೋಗುವ ರಕ್ತ. ಮೊದಲ ಪಾಠದಲ್ಲಿ ಹುಡುಗರಿದ್ದಾರೆಂದು ಇದನ್ನು ಹಾರಿಸಿದ್ದೆ. ಎರಡನೆಯ ಸಲ ನೇರವಾಗಿ ಹೇಳಿದೆ. ನಾನು ಹೆದರಿದ್ದಂತೆ ಯಾರೂ ನಗಲಿಲ್ಲ.

ಎರಡನೆಯ ಪಾಠವನ್ನು ಲೆಕ್ಕದಿಂದ ಶುರುಮಾಡಿದೆ. 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 4 ಮಿ.ಗ್ರಾಂ. 30 ಗ್ರಾಂ ಹುರುಳಿಕಾಳು, ಎರಡೂವರೆ. 100 ಗ್ರಾಂ ಪಾಲಕ್, 3. ಎರಡು ಚಮಚ ಎಳ್ಳಿನ ಪುಡಿ, ಒಂದೂವರೆಗೆ ಹತ್ತಿರ. ಒಟ್ಟು 11. ಅದರಲ್ಲಿ ಶೇ 8 ಎಂದರೆ 1 ಮಿ.ಗ್ರಾಂ ಕೂಡ ಆಗುವುದಿಲ್ಲ. ಬೋರ್ಡಿನ ಮೇಲೆ 11 ಇದ್ದದ್ದು 0.88 ಆದಾಗ ತರಗತಿ ಸುಮ್ಮನಾಯಿತು. “ಹಂಗಾದ್ರೆ ಉಳಿದಿದ್ದು ಎಲ್ಲಿ ಹೋತು?” ಎಂದು ಒಬ್ಬ ಕೇಳಿದ. ಬೇಕಾಗಿದ್ದ ಪ್ರಶ್ನೆ ಅದೇ.

ಅದಕ್ಕೆ ಪ್ರಯೋಗಾಲಯದ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಉತ್ತರ ಕೊಟ್ಟಿತು. ಎರಡು ಗಾಜಿನ ಲೋಟಗಳಲ್ಲಿ ಹಾಲು ಹಾಕದ ತೆಳು ಚಹಾ ಡಿಕಾಕ್ಷನ್. ಒಂದಕ್ಕೆ ಮೊದಲೇ ಅರ್ಧ ಹೋಳು ನಿಂಬೆಹಣ್ಣು ಹಿಂಡಿದೆ. ಎರಡಕ್ಕೂ ಅನ್ನಭೇದಿಯ ದ್ರಾವಣ ಕೆಲವೇ ಹನಿ. ನಿಂಬೆ ಇಲ್ಲದ ಲೋಟ ನೋಡುತ್ತಿದ್ದಂತೆ ಮಸಿಯಾಯಿತು. ‘ಮಸಿ’ ಇಲ್ಲಿ ಹೋಲಿಕೆಯ ಮಾತಲ್ಲ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಟ್ಯಾನಿನ್–ಕಬ್ಬಿಣದ ಸಂಯೋಗದಿಂದ. ನಿಂಬೆಯ ಲೋಟ ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯಿತು.

ಇದನ್ನು ಮಾಡುವವರಿಗೆ ಎರಡು ಮಾತು. ಅನ್ನಭೇದಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಪ್ರಯೋಗದ ಲೋಟಗಳಲ್ಲಿ ಯಾರೂ ಏನನ್ನೂ ಕುಡಿಯಬಾರದು. ಹೊಟ್ಟೆಯೆಂದರೆ ಗಾಜಿನ ಲೋಟವಲ್ಲ ಎಂಬುದನ್ನೂ ಹೇಳಿ. ಟ್ಯಾನಿನ್ ಕಬ್ಬಿಣವನ್ನು ಹಿಡಿಯುತ್ತದೆ, ನಿಂಬೆಯ ಆಮ್ಲ ಮತ್ತು ಸಿ ಜೀವಸತ್ವ ಅದನ್ನು ತಡೆಯುತ್ತವೆ ಎಂಬಷ್ಟನ್ನೇ ಈ ಪ್ರಯೋಗ ತೋರಿಸುತ್ತದೆ. ದೇಹದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಬೇರೆಯಾಗಿ ಅಳೆದಿದ್ದಾರೆ: ಊಟದ ಜೊತೆಗೇ ಚಹಾ ಕುಡಿದರೆ ಹೀಮ್ ಅಲ್ಲದ ಕಬ್ಬಿಣದ ಹೀರಿಕೆ ಅರ್ಧಕ್ಕಿಂತ ಹೆಚ್ಚು ಕುಸಿಯಬಹುದು, ಸಿ ಜೀವಸತ್ವ ಸೇರಿದರೆ ಎರಡು–ಮೂರು ಪಟ್ಟು ಏರಬಹುದು. ಚಹಾ ಬಿಡಬೇಕಾಗಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದರೆ ತೊಂದರೆ ಬಹಳ ಕಡಿಮೆ.

ಆಮೇಲಿನ ಚರ್ಚೆ ಮಕ್ಕಳದೇ. ನಮ್ಮ ಕಡೆ ರೊಟ್ಟಿಯ ಪಕ್ಕಕ್ಕೆ ಹಸಿ ಮೆಂತ್ಯಸೊಪ್ಪು, ಹಕ್ಕರಿಕೆ, ಮೂಲಂಗಿ ಸೊಪ್ಪು ಇಡುವುದುಂಟು. ಬೇಯಿಸಿದರೆ ಸಿ ಜೀವಸತ್ವದ ಬಹುಪಾಲು ಹಾಳಾಗುತ್ತದೆ, ಹಸಿಯದರಲ್ಲಿ ಉಳಿಯುತ್ತದೆ. ಕಾಳನ್ನು ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ದೋಸೆ ಹಿಟ್ಟು ಹುಳಿ ಬಂದಾಗಲೂ ಹಾಗೆಯೇ. (ಬೆಣ್ಣೆದೋಸೆಯ ಬೆಣ್ಣೆಯಲ್ಲಿ ಕಬ್ಬಿಣ ಇಲ್ಲ ಎಂದಾಗ ತರಗತಿಗೆ ನಿಜವಾಗಿ ಬೇಸರವಾಯಿತು.) ಖಾರ ಮಂಡಕ್ಕಿಗೆ ನಿಂಬೆ ಹಿಂಡಿ, ಅದರ ಹಿಂದೆಯೇ ಚಹಾ ಕುಡಿಯುತ್ತೇವಲ್ಲ ಎಂದು ಒಬ್ಬಳು ಹೇಳಿದಳು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಒಂದು ಪೇರಲಹಣ್ಣೋ ನೆಲ್ಲಿಕಾಯಿಯೋ ಊಟದ ಜೊತೆಗಿದ್ದರೆ ಖರ್ಜೂರಕ್ಕೆ ದುಡ್ಡು ಹುಡುಕಬೇಕಾಗಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ, ಹುಣಸೆಹಣ್ಣಿನ ಗೊಜ್ಜು ಮಾಡಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಸೇರುತ್ತದೆ. ಹಂಚಿನ ಮೇಲೆ ಒಣಗಿ ಬೇಯುವ ರೊಟ್ಟಿಗೆ ಅಷ್ಟು ಸೇರುವುದಿಲ್ಲ, ಏಕೆಂದರೆ ಅಲ್ಲಿ ಹುಳಿಯೂ ಇಲ್ಲ, ನೀರೂ ಇಲ್ಲ.

ಅನ್ನದ ವಿಷಯವನ್ನು ನಾನೇ ಎತ್ತಿದೆ. ಭದ್ರಾ ನಾಲೆಯ ನೀರು ಬಂದ ಮೇಲೆ ಹರಿಹರ, ದಾವಣಗೆರೆಯ ಸುತ್ತ ಭತ್ತದ ಗದ್ದೆಗಳಾದವು. ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ ಕಬ್ಬಿಣ 1 ಮಿ.ಗ್ರಾಂಗಿಂತ ಕಡಿಮೆ, ಜೋಳದಲ್ಲಿ ಸುಮಾರು 4. ದಿನಕ್ಕೆ ಒಂದು ಹೊತ್ತು ರೊಟ್ಟಿ ಹೋಗಿ ಅನ್ನ ಬಂದರೂ ಎಷ್ಟು ಕಳೆಯುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಇದು ಸಸ್ಯಾಹಾರಿ ಮನೆಗಳ ಪ್ರಶ್ನೆ ಮಾತ್ರವೂ ಅಲ್ಲ. ಆ ತರಗತಿಯಲ್ಲಿ ಮಾಂಸ ತಿನ್ನುವ ಮನೆಗಳಲ್ಲೂ ಅದು ವಾರಕ್ಕೊಮ್ಮೆ; ಉಳಿದ ಆರು ದಿನ ಎಲ್ಲರ ತಟ್ಟೆಯೂ ಒಂದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು.

ಮೂರನೇ ಬೆಂಚಿನ ಹುಡುಗಿಗೆ ಇಷ್ಟೂ ಸಾಲದು. ಹಿಮೋಗ್ಲೋಬಿನ್ ಅಷ್ಟು ಇಳಿದಾಗ ಊಟ ಒಂದರಿಂದಲೇ ಮೇಲೇಳುವುದು ಕಷ್ಟ. ವೈದ್ಯರು ಹೇಳಿದಷ್ಟು ದಿನ ಮಾತ್ರೆ ಬೇಕು, ಜಂತುಹುಳುವಿನಂಥ ಬೇರೆ ಕಾರಣಗಳಿವೆಯೇ ಎಂದು ನೋಡಬೇಕು. ಬಿಡುವಿನಲ್ಲಿ ಮಾತಾಡಿಸಿದಾಗ ಗೊತ್ತಾಯಿತು: ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಅವಳು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿಯಾಗಿತ್ತು. ಮಲ ಕಪ್ಪಾಗಿದ್ದು ಕಂಡು ಅಮ್ಮನೂ ಹೆದರಿದ್ದರು. ಆ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಹೀರಿಕೆಯಾಗದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುವುದು ಸಹಜ, ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ನನ್ನ ಮೊದಲ ಪಾಠಯೋಜನೆಯಲ್ಲಿ ಬರೆದಿರಲಿಲ್ಲ. ತರಗತಿ ಶಿಕ್ಷಕಿಗೆ ತಿಳಿಸಿದೆ. ಅವರು ತಾಯಿಯನ್ನು ಕರೆಸಿ, ಮಗಳನ್ನು ಆಸ್ಪತ್ರೆಗೆ ತೋರಿಸಲು ಹೇಳಿದರು.

ಮೌಲ್ಯಮಾಪನಕ್ಕೆ ‘ಕಬ್ಬಿಣಾಂಶವಿರುವ ಐದು ಆಹಾರಗಳನ್ನು ಹೆಸರಿಸಿ’ ಎಂಬ ಪ್ರಶ್ನೆಯನ್ನು ಕೈಬಿಟ್ಟೆ. ಬದಲಿಗೆ ಒಂದು ದಿನ ಮನೆಯಲ್ಲಿ ಯಾರು ಏನು ಉಂಡರು, ಚಹಾ ಯಾವಾಗ ಕುಡಿದರು ಎಂದು ಬರೆದು ತರಲು ಹೇಳಿದೆ. ಹಾಳೆಗಳು ಬಂದವು. ಒಬ್ಬ ಹುಡುಗ ಅಮ್ಮನ ಸಾಲಿನಲ್ಲಿ ಬರೆದಿದ್ದ: ‘ಬೆಳಿಗ್ಗೆ ಚಾ. ಹನ್ನೊಂದಕ್ಕೆ ಚಾ. ಎಲ್ಲರದೂ ಆದಮೇಲೆ ಅನ್ನ, ಸಾರು. ಪಲ್ಯ ಆಗಿ ಹೋಗಿತ್ತು.’ ಮುಂದಿನ ತರಗತಿಗೆ ಕೊಟ್ಟ ಹಾಳೆಯಲ್ಲಿ ‘ಕೊನೆಗೆ ಉಂಡವರು ಯಾರು?’ ಎಂಬ ಕಾಲಂ ಒಂದನ್ನು ಸೇರಿಸಿದ್ದೇನೆ.