ನಮ್ಮ ಆಯ್ಕೆ, ಬಲ್ಲವರ ಆಯ್ಕೆ

ಪುಸ್ತಕಪ್ರಿಯರ ಅಭಿರುಚಿ ಒಬ್ಬೊಬ್ಬರದು ಒಂದೊಂದು ಬಗೆ. ಕೆಲವರಿಗೆ ಕಾದಂಬರಿ ಪ್ರಿಯವಾದರೆ, ಇನ್ನು ಕೆಲವರಿಗೆ ಕವಿತೆ, ವಿಚಾರ ಸಾಹಿತ್ಯ. ಹುಬ್ಬಳ್ಳಿ-ಧಾರವಾಡಗಳ ನಡುವೆ ಬೆಳೆದ ನವನಗರದ ಓದುಗನಿಗೆ ಇಂದು ಮೊಬೈಲಿನಲ್ಲಿಯೇ ಪುಸ್ತಕ ಆರಿಸಿ ತರಿಸಿಕೊಳ್ಳುವ ಅನುಕೂಲವಿದೆ. ಆದರೆ ಕೇವಲ ಸ್ವಂತ ಆಯ್ಕೆಯಿಂದ ಅಭಿರುಚಿ ಬೆಳೆಯುವುದೇ?

ಸಮೀಪದ ಧಾರವಾಡದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಅಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಓದುಗರು ಚಂದಾದಾರರಾಗುತ್ತಿದ್ದರು, ಯಾವ ಪುಸ್ತಕ ಬರಬೇಕೆಂಬುದನ್ನು ಸಂಪಾದಕರು ನಿರ್ಧರಿಸುತ್ತಿದ್ದರು. ಚಂದಾಹಣ ಪ್ರಕಟಣೆಗೆ ಆಸರೆಯಾಗುತ್ತಿತ್ತು. ಹೆಸರೇ ಕೇಳಿರದ ಲೇಖಕನ ಕೃತಿಯೂ ಮನೆ ಸೇರುತ್ತಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಇದೇ ಗ್ರಂಥಮಾಲೆ. ಆಗ ಲೇಖಕರ ವಯಸ್ಸು 23 ಮೀರಿರಲಿಲ್ಲ.

ಈಗಾಗಲೇ ಮೆಚ್ಚಿದ್ದನ್ನಷ್ಟೇ ಮತ್ತೆ ಮತ್ತೆ ಆರಿಸಿಕೊಳ್ಳುವ ಓದುಗನಿಗೆ ಇಂಥ ಹೊಸಬರು ಎದುರಾಗುವುದು ವಿರಳ. ಅವನ ಕಪಾಟು ತುಂಬುತ್ತದೆ, ಅಭಿರುಚಿ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಹತ್ತು ಪುಸ್ತಕಗಳನ್ನು ತಾವೇ ಆರಿಸುವವರು ಹನ್ನೊಂದನೆಯದನ್ನಾದರೂ ಬಲ್ಲವರ ಮಾತು ನಂಬಿ ಕೈಗೆತ್ತಿಕೊಳ್ಳುವುದು ಒಳಿತು.