ಟ್ರೇಲರಿನ ಪಂಪು ಕೆಟ್ಟಿದೆ ಎನ್ನುವ ಮೊದಲು

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಟ್ರೇಲರ್ ನಿಲ್ಲಿಸಿ ರಾತ್ರಿ ಕಳೆಯಲು ಹಲವು ಶಿಬಿರತಾಣಗಳಿವೆ. ಆದರೆ ನಿಲ್ಲಿಸಿದ ಜಾಗದಲ್ಲೇ ನೀರು, ಕರೆಂಟು, ಚರಂಡಿ ಮೂರರ ಸಂಪರ್ಕವೂ ಸಿಗುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ಕಡೆ. ಉಳಿದೆಡೆ ಟ್ರೇಲರಿನ ಟ್ಯಾಂಕಿನಲ್ಲಿ ತುಂಬಿಸಿಕೊಂಡು ಬಂದ ನೀರೇ ಗತಿ. ಆ ನೀರನ್ನು ಅಡುಗೆಯ ಸಿಂಕಿಗೂ ಶವರಿಗೂ ಕಳಿಸುವುದು 12 ವೋಲ್ಟ್ ಬ್ಯಾಟರಿಯಲ್ಲಿ ಓಡುವ, ಎರಡು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪಂಪು. ಅದು ಕೈಕೊಟ್ಟರೆ ಟ್ಯಾಂಕ್ ತುಂಬ ನೀರಿದ್ದೂ ಒಂದು ಲೋಟ ಸಿಗುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲೂ ಬೇಸಿಗೆ ರಜೆಗೆ ಟ್ರೇಲರ್ ಬಾಡಿಗೆಗೆ ಹಿಡಿದು ಮಕ್ಕಳೊಂದಿಗೆ, ಊರಿನಿಂದ ಬಂದ ಅಪ್ಪ ಅಮ್ಮನೊಂದಿಗೆ ಕಾಡು ಬೆಟ್ಟ ನೋಡಲು ಹೊರಡುವವರಿದ್ದಾರೆ. ನೀರು ನಿಂತಾಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, ಪಂಪು ಸುಟ್ಟುಹೋಗಿದೆ ಎಂದು. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬಾರದು. ಪಂಪು ನಿರಪರಾಧಿಯಾಗಿದ್ದು, ದೋಷ ಅದಕ್ಕೆ ಬರುವ ತಂತಿಯಲ್ಲೋ ಪೈಪಿನಲ್ಲೋ ಇರುವ ಸಂದರ್ಭಗಳು ಬಹಳ. ಎಲ್ಲಿದೆ ಎಂಬುದನ್ನು ಅದರ ಸದ್ದೇ ಹೇಳುತ್ತದೆ. ಕೇಳಿ ಅರ್ಥ ಮಾಡಿಕೊಳ್ಳಲು ಒಳಗೇನು ನಡೆಯುತ್ತದೆ ಎಂದು ತಿಳಿದಿರಬೇಕು, ಅಷ್ಟೆ.

ನಮ್ಮ ರೈತರು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನೊಳಗೆ ಇರುವುದೂ ಇದೇ ಜಾತಿಯ ಡಯಾಫ್ರಂ ಪಂಪು. ಇದರಲ್ಲಿ ಬಾವಿಯ ಮೋಟಾರಿನಂತೆ ಗಿರಗಿರ ತಿರುಗಿ ನೀರೆಸೆಯುವ ಚಕ್ರವಿಲ್ಲ. ಮೋಟಾರಿನ ತುದಿಯಲ್ಲಿ ಓರೆಯಾಗಿ ಕೂರಿಸಿದ ಬಿಲ್ಲೆಯೊಂದು ಓಲಾಡುತ್ತ ರಬ್ಬರ್ ಪೊರೆಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುತ್ತದೆ. ಪೊರೆ ಹಿಂದೆ ಸರಿದಾಗ ಕೋಣೆ ಹಿಗ್ಗಿ ಒಳಗಿನ ಒತ್ತಡ ಇಳಿಯುತ್ತದೆ. ಆಗ ಟ್ಯಾಂಕಿನ ನೀರಿನ ಮೇಲೆ ಕೂತ ವಾಯುಮಂಡಲದ ಒತ್ತಡವೇ ನೀರನ್ನು ಪೈಪಿನೊಳಗೆ ನೂಕುತ್ತದೆ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಅನ್ನುತ್ತೇವೆ. ನಿಜಕ್ಕೂ ಅದು ಜಾಗ ಮಾಡಿಕೊಡುತ್ತದೆ, ತಳ್ಳುವುದು ಗಾಳಿ. ಪೊರೆ ಮುಂದೆ ಬಂದಾಗ ಒಳಬಾಗಿಲಿನ ರಬ್ಬರ್ ವಾಲ್ವು ಮುಚ್ಚಿ ಹೊರಬಾಗಿಲಿನದು ತೆರೆಯುತ್ತದೆ.

ನಲ್ಲಿ ಕಟ್ಟಿದರೆ ಪಂಪು ತಾನಾಗಿ ನಿಲ್ಲುವುದಕ್ಕೆ ಅದರ ತಲೆಯ ಮೇಲಿನ ಪ್ರೆಶರ್ ಸ್ವಿಚ್ ಕಾರಣ. ಈ ಟ್ರೇಲರುಗಳಲ್ಲಿ ಚೆನ್ನಾಗಿ ಪರಿಚಿತವಾದ ಶುರ್‌ಫ್ಲೋ 4008 ಮಾದರಿಯನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ ಸುಮಾರು 11 ಲೀಟರ್ ನೀರು ಕೊಡುವ ಈ ಪಂಪು ಒತ್ತಡ 55 ಪಿಎಸ್‌ಐ ಮುಟ್ಟಿದಾಗ ನಿಲ್ಲುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನಿಂದ ಅಷ್ಟು ಒತ್ತಡ ಬರಬೇಕಾದರೆ ಟ್ಯಾಂಕನ್ನು ಸುಮಾರು 39 ಮೀಟರ್ ಎತ್ತರದಲ್ಲಿ ಕೂರಿಸಬೇಕು. ನಲ್ಲಿ ಬಿಟ್ಟು ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸ್ವಿಚ್ ಮತ್ತೆ ಮೋಟಾರಿಗೆ ಕರೆಂಟು ಕೊಡುತ್ತದೆ.

ಈಗ ಸದ್ದಿನ ವಿಚಾರ. ಸ್ವಿಚ್ ಹಾಕಿ ನಲ್ಲಿ ತಿರುಗಿಸಿದರೂ ಸದ್ದೇ ಇಲ್ಲವೆಂದರೆ ದೋಷ ವಿದ್ಯುತ್ತಿನ ಕಡೆಯದು. ಮೊದಲು ಫ್ಯೂಸು ನೋಡಿ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯ ತುದಿಯಲ್ಲಿ ಅಳೆದರೆ ಸಾಲದು, ಪಂಪಿನ ತಂತಿಯಲ್ಲೇ, ಪಂಪಿನ ಸ್ವಿಚ್ ಹಾಕಿ ನಲ್ಲಿ ತೆರೆದಿಟ್ಟುಕೊಂಡೇ ಅಳೆಯಬೇಕು. ಇದಕ್ಕೊಂದು ಕಾರಣವಿದೆ. ಪಂಪು ಮೈತುಂಬ ಕೆಲಸ ಮಾಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಪಂಪಿಗೆ 6 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 12 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ತಂತಿಯಾದರೆ ಅಷ್ಟರಲ್ಲೇ ಸುಮಾರು 1 ವೋಲ್ಟ್ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ 1 ವೋಲ್ಟ್ ಹೋದರೆ ಯಾರಿಗೂ ಗೊತ್ತಾಗದು. 12ರಲ್ಲಿ 1 ಹೋದರೆ ಮೋಟಾರ್ ಮುಲುಗುತ್ತದೆ. ಜೊತೆಗೆ ನೆಗೆಟಿವ್ ತಂತಿಯನ್ನು ಚಾಸಿಗೆ ಬಿಗಿದ ಸ್ಕ್ರೂ ತುಕ್ಕು ಹಿಡಿದಿದ್ದರೆ ಓಡದೆಯೇ ಹೋಗಬಹುದು.

ಪಂಪಿನವರೆಗೂ 12 ವೋಲ್ಟ್ ಸರಿಯಾಗಿ ಬರುತ್ತಿದ್ದು ಅದು ಸುಮ್ಮನಿದ್ದರೆ ಪ್ರೆಶರ್ ಸ್ವಿಚ್‌ನ ಎರಡು ತುದಿಗಳನ್ನು ಚಿಕ್ಕ ತಂತಿಯಿಂದ ಕ್ಷಣಕಾಲ ಸೇರಿಸಿ ನೋಡಿ. ಮೋಟಾರ್ ಓಡಿತೇ? ಕೆಟ್ಟಿರುವುದು ಸ್ವಿಚ್ ಮಾತ್ರ, ಅದು ಬಿಡಿಯಾಗಿ ಸಿಗುತ್ತದೆ. ಓಡಲಿಲ್ಲವೆಂದರೆ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿ. ಸಿಕ್ಕಿಕೊಂಡ ಕಾರ್ಬನ್ ಬ್ರಶ್ ಸಡಿಲಗೊಂಡು ಓಡಿದರೂ ಓಡೀತು, ಆದರೆ ಅಂಥ ಮೋಟಾರನ್ನು ಹೆಚ್ಚು ದಿನ ನಂಬಬೇಡಿ.

ಮೋಟಾರ್ ಗುರ್ ಎಂದು ಓಡುತ್ತಲೇ ಇದೆ, ನಲ್ಲಿಯಲ್ಲಿ ಬರುವುದು ಬರೀ ಗಾಳಿ. ಇದು ಅತಿ ಸಾಮಾನ್ಯವಾದ ದೂರು, ಅದರಲ್ಲೂ ಚಳಿಗಾಲ ಕಳೆದು ಟ್ರೇಲರನ್ನು ಹೊರತೆಗೆಯುವ ವಸಂತದಲ್ಲಿ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಕಣ್ಣಾರೆ ನೋಡಿ, ಗೋಡೆಯ ಮೇಲಿನ ದೀಪಗಳ ಸೂಚಕವನ್ನು ನೆಚ್ಚಬೇಡಿ. ನೀರಿದ್ದರೆ ಪಂಪಿನ ಒಳಹರಿವಿನ ಬದಿಗೆ ಹೋಗಿ. ಅನೇಕ ಟ್ರೇಲರುಗಳಲ್ಲಿ ಅಲ್ಲೊಂದು ಮೂರು ದಾರಿಯ ವಾಲ್ವು ಇರುತ್ತದೆ. ಚಳಿಗಾಲಕ್ಕೆ ಮುನ್ನ ಪೈಪುಗಳಿಗೆ ಹೆಪ್ಪುರೋಧಕ ದ್ರವ ತುಂಬಿಸಲು, ಡಬ್ಬದಲ್ಲಿ ಅದ್ದಿದ ಚಿಕ್ಕ ಪೈಪಿನ ಕಡೆಗೆ ಅದನ್ನು ತಿರುಗಿಸುತ್ತಾರೆ. ವಾಪಸು ಟ್ಯಾಂಕಿನ ಕಡೆಗೆ ತಿರುಗಿಸಲು ಮರೆತರೆ ಪಂಪು ಆ ಖಾಲಿ ಪೈಪಿನಿಂದ ಗಾಳಿ ಎಳೆಯುತ್ತ ಕೂರುತ್ತದೆ. ಕಾಲು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಪಂಪನ್ನೇ ಕೊಂಡರೆ ದುಡ್ಡು ದಂಡ.

ವಾಲ್ವು ಸರಿಯಿದ್ದರೆ ಪಕ್ಕದಲ್ಲೇ ಇರುವ ಜರಡಿಯ ಬಟ್ಟಲನ್ನು ಟಾರ್ಚ್ ಹಾಕಿ ನೋಡಿ. ಪಾರದರ್ಶಕವಾದ ಈ ಪ್ಲಾಸ್ಟಿಕ್ ಬಟ್ಟಲಿನೊಳಗೆ ಸಣ್ಣ ಬಲೆಯಿರುತ್ತದೆ, ಟ್ಯಾಂಕಿನ ಪ್ಲಾಸ್ಟಿಕ್ ಚೂರುಗಳು ಅಲ್ಲಿ ತಡೆದು ನಿಲ್ಲುತ್ತವೆ. ಪಂಪು ಓಡುವಾಗ ನೀರಿನಲ್ಲಿ ಗುಳ್ಳೆಗಳ ಸಾಲು ಕಂಡರೆ ಗಾಳಿ ನುಗ್ಗುವ ಜಾಗ ಅದಕ್ಕಿಂತ ಹಿಂದೆ, ಇಲ್ಲವೇ ಆ ಬಟ್ಟಲಿನಲ್ಲೇ ಇದೆ. ಅನೇಕರು ಮೋಸಹೋಗುವುದು ಇಲ್ಲಿಯೇ. ಹೊರಗೆ ಹನಿಯೂ ಸೋರುತ್ತಿಲ್ಲ, ಹಾಗಾಗಿ ಬಿರುಕಿಲ್ಲ ಎಂದುಕೊಳ್ಳುತ್ತಾರೆ. ಪಂಪು ಓಡುವಾಗ ಒಳಹರಿವಿನ ಪೈಪಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ, ಮುಚ್ಚಳದ ರಬ್ಬರ್ ರಿಂಗು ಜಾರಿದ್ದರೂ ನೀರು ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಕೋಣೆ ಹಿಗ್ಗಿದಾಗಲೆಲ್ಲ ಆ ಗಾಳಿಯೇ ಜಾಗ ತುಂಬಿಬಿಟ್ಟರೆ ನೀರಿಗೆ ಜಾಗವೆಲ್ಲಿ? ಬಿರುಕು ಬಿಟ್ಟ ಬಟ್ಟಲಿಗೆ ಅಂಟು ಮೆತ್ತುವುದು ವ್ಯರ್ಥ, ಬದಲಿಸಿ.

ಆದರೂ ಸಂಶಯ ಉಳಿದರೆ ತೀರ್ಪು ಕೊಡಲು ಒಂದು ಬಕೆಟ್ ನೀರು ಸಾಕು. ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ, ಪಂಪಿನ ಬಾಯಿಗೆ ಗಿಡ್ಡ ಹೋಸು ಸಿಕ್ಕಿಸಿ ಬಕೆಟ್ಟಿನಲ್ಲಿ ಅದ್ದಿ. ನೀರು ಬಂತೆಂದರೆ ಪಂಪಿಗೆ ಏನೂ ಆಗಿಲ್ಲ, ದೋಷ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿದೆ. ಬರದಿದ್ದರೆ ಪಂಪಿನ ತಲೆ ಬಿಚ್ಚುವ ಸಮಯ. ಫ್ಯೂಸು ತೆಗೆದು, ನಲ್ಲಿ ಬಿಟ್ಟು ಒತ್ತಡ ಇಳಿಸಿದ ಮೇಲೆಯೇ ಸ್ಕ್ರೂ ಮುಟ್ಟಿ. ವಾಲ್ವಿನ ರಬ್ಬರಿನಡಿ ಒಂದು ಮರಳುಕಾಳು ಸಿಕ್ಕಿಕೊಂಡಿದ್ದರೂ ಅದು ಪೂರ್ತಿ ಮುಚ್ಚದು. ತೊಳೆದು ಕೂರಿಸಿದರೆ ಸರಿಹೋಗುತ್ತದೆ. ಪೊರೆ ಹರಿದಿದ್ದರೆ ಆ ಭಾಗವನ್ನಷ್ಟೇ ಬದಲಿಸಬಹುದು. ಮತ್ತೆ ಜೋಡಿಸುವಾಗ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪಾನರ್ ಹಾಕಿದರೆ ಥ್ರೆಡ್ಡು ಹರಿದು ಹೊಸ ಸೋರಿಕೆ ಶುರುವಾದೀತು.

ಇನ್ನು ರಾತ್ರಿ ಎಲ್ಲ ನಲ್ಲಿ ಕಟ್ಟಿ ಮಲಗಿದ ಮೇಲೆ ಆಗಾಗ ಒಂದೊಂದು ಕ್ಷಣ ಗುರ್ ಎಂದು ಎಚ್ಚರಿಸುವ ಪಂಪು. ಎಲ್ಲೋ ಒತ್ತಡ ಸೋರುತ್ತಿದೆ ಎಂದೇ ಇದರ ಅರ್ಥ. ಸಿಂಕಿನ ಕೆಳಗೆ, ಗೀಸರಿನ ಹಿಂದೆ ಪ್ರತಿ ಜೋಡಣೆಯನ್ನೂ ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಎಲ್ಲವೂ ಒಣಗಿದ್ದರೆ ಕಮೋಡಿನ ನೀರಿನ ವಾಲ್ವನ್ನು ಪರೀಕ್ಷಿಸಿ, ಅದು ಸೋರಿದ ನೀರು ಕಣ್ಣಿಗೆ ಬೀಳದೆ ಕೆಳಗೆ ಹೋಗುತ್ತದೆ. ಅದೂ ಅಲ್ಲವೆಂದರೆ ನೀರು ಪಂಪಿನೊಳಗಿಂದಲೇ ಹಿಂದಕ್ಕೆ ಟ್ಯಾಂಕಿಗೆ ಮರಳುತ್ತಿದೆ, ಅಂದರೆ ಪಂಪಿನ ಹಿಂತಡೆ ವಾಲ್ವು ಸವೆದಿದೆ. ಇದನ್ನು ಖಚಿತಪಡಿಸಿಕೊಳ್ಳಲು ಶಿಬಿರದ ನಲ್ಲಿಯಿಂದ ಟ್ರೇಲರಿನ ಪೈಪಿಗೆ ಹೋಸು ಜೋಡಿಸಿ ಪಂಪನ್ನು ಆರಿಸಿಡಿ. ಯಾರೂ ತುಂಬಿಸದೆ ಟ್ಯಾಂಕ್ ತಾನಾಗಿ ತುಂಬಿ ಹೊರಚೆಲ್ಲಿದರೆ ಅನುಮಾನವೇ ಬೇಡ. ನಲ್ಲಿಯನ್ನು ಸಣ್ಣಗೆ ಬಿಟ್ಟಾಗ ಪಂಪು ತಡವರಿಸಿ ಓಡುವುದು ಮಾತ್ರ ದೋಷವಲ್ಲ. ನೀರು ಕುಗ್ಗದ ವಸ್ತುವಾದ್ದರಿಂದ ಒತ್ತಡ ಕಣ್ಣುಮಿಟುಕಿಸುವಷ್ಟರಲ್ಲಿ ಏರಿ ಇಳಿಯುತ್ತದೆ. ಗಾಳಿ ತುಂಬಿದ ಸಣ್ಣ ಒತ್ತಡದ ತೊಟ್ಟಿಯೊಂದನ್ನು ಮಧ್ಯೆ ಜೋಡಿಸಿದರೆ ಆ ಗಾಳಿ ಕುಗ್ಗಿ ಹಿಗ್ಗಿ ಏರಿಳಿತವನ್ನು ನುಂಗಿಕೊಳ್ಳುತ್ತದೆ.

ಈ ಪಂಪುಗಳ ನಿಜವಾದ ಶತ್ರು ಹಿಮ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಪಂಪಿನ ತಲೆಯಲ್ಲಿ ಉಳಿದ ಸ್ವಲ್ಪ ನೀರೇ ಪ್ಲಾಸ್ಟಿಕ್ಕನ್ನು ಸೀಳಲು ಸಾಕು. ಆದ್ದರಿಂದ ಮಿಶಿಗನ್, ಮಿನ್ನೆಸೋಟ, ಒಂಟಾರಿಯೊದಂಥ ಶೀತಪ್ರದೇಶಗಳಲ್ಲಿ ಟ್ರೇಲರನ್ನು ಚಳಿಗಾಲಕ್ಕೆ ನಿಲ್ಲಿಸಿಡುವವರು ಟ್ಯಾಂಕನ್ನೂ ಪೈಪುಗಳನ್ನೂ ಖಾಲಿ ಮಾಡಿ, ಪಂಪಿನ ಮೂಲಕ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ಗುಲಾಬಿ ದ್ರವವನ್ನು ತುಂಬಿಸಿಡುತ್ತಾರೆ. ಕೊಳ್ಳುವಾಗ ಬಣ್ಣ ನೋಡಿ ತರಬೇಡಿ, ಡಬ್ಬದ ಮೇಲೆ ಬರೆದಿದ್ದನ್ನು ಓದಿ. ಕಾರಿನ ರೇಡಿಯೇಟರಿಗೆ ಹಾಕುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್; ಅದು ವಿಷ, ಕುಡಿಯುವ ನೀರಿನ ಪೈಪಿಗೆ ಅದನ್ನು ಎಂದೂ ಹಾಕಬಾರದು.